ಐದನೆಯವರ ಮೊದಲ ಉತ್ತರ

ಆ ಸೋಮವಾರ ಮಾಡಿದ ಕೆಲಸಗಳು ಇವು. ನಲ್ಲಿಗೆ ನೀರು ಬರುವ ದಿನವಾದ್ದರಿಂದ ಮೊದಲು ಡ್ರಮ್ಮು, ಆಮೇಲೆ ಕೊಡಗಳನ್ನು ತುಂಬಿಸಿದೆ. ಯಜಮಾನರ ಡಬ್ಬಿಗೆ ಹೆಸರುಕಾಳಿನ ಪಲ್ಯ ಮಾಡಿದೆ. ಹಿಂದಿನ ದಿನದ ಹಾಲಿಗೆ ಹೆಪ್ಪು ಹಾಕುವುದು ಮರೆತಿತ್ತು, ಅದನ್ನು ಕಾಸಿ ಚಹಾಕ್ಕೆ ತೆಗೆದಿಟ್ಟೆ. ನವನಗರದ ಸ್ಟಾಪಿನಲ್ಲಿ ಬಸ್ಸು ಹಿಡಿದು ಗೋಪನಕೊಪ್ಪದ ರೊಟ್ಟಿ ಕೇಂದ್ರಕ್ಕೆ ಬಂದೆ. ಮೂರು ಚೀಲ ಜೋಳದ ಹಿಟ್ಟು ಜರಡಿ ಹಿಡಿಸಿದೆ. ಪಾಳಿ ಪಟ್ಟಿ ಗೋಡೆಗೆ ಅಂಟಿಸಿದೆ. ಆರ್ಡರಿನ ಫೋನು ನಾಲ್ಕು ಸಲ ಎತ್ತಿದೆ. ಮಧ್ಯಾಹ್ನ ಊಟಕ್ಕೆ ಕೂರುವ ಮುನ್ನ ಮೊಬೈಲಿನಲ್ಲಿ ವಿಶ್ವವಿದ್ಯಾಲಯದ ಆ್ಯಪ್ ತೆರೆದು ನೋಡಿದೆ. ಆಮೇಲೆ ಊಟ ಮಾಡಲಿಲ್ಲ.

ಸಂದೇಶ ನಮ್ಮ ಮಾರ್ಗದರ್ಶಕ ಮೇಡಂ ಅವರದು. ಅವರ ಮುಖವನ್ನು ನಾನು ಅಂಗೈಯಗಲದ ಪರದೆಯ ಮೇಲಷ್ಟೇ ನೋಡಿದ್ದೇನೆ. "ಐದನೆಯವರ ಮೊದಲ ಉತ್ತರ ಅವರ ಉಳಿದ ಮಾತಿನ ರೀತಿಗೆ ಹೊಂದುತ್ತಿಲ್ಲ. ಅದನ್ನು ಅವರೇ ಹೇಳಿದ್ದಾರೆಯೇ ಎಂಬ ಅನುಮಾನವಿದೆ. ಮೂಲ ಧ್ವನಿಮುದ್ರಣವನ್ನು ಏಳು ದಿನಗಳೊಳಗೆ ಅಪ್‌ಲೋಡ್ ಮಾಡಿ. ತಪ್ಪಿದಲ್ಲಿ ವರದಿ ತಿರಸ್ಕರಿಸಲಾಗುವುದು."

ಬಿ.ಎ. ಮೂರನೆಯ ವರ್ಷ, ಎಲ್ಲವೂ ಆನ್‌ಲೈನಿನಲ್ಲಿ, ಕನ್ನಡ ಮಾಧ್ಯಮ. ಪತ್ರಿಕೆಯ ಹೆಸರು ಸಾಮಾಜಿಕ ನ್ಯಾಯ. ವರದಿ ಹೋದರೆ ಪತ್ರಿಕೆ ಹೋಯಿತು, ಪತ್ರಿಕೆ ಹೋದರೆ ಪದವಿ ಇನ್ನೊಂದು ವರ್ಷ ಮುಂದಕ್ಕೆ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ವರ್ಷ ಮುಂದಕ್ಕೆ ಹೋಗುವುದು ಹದಿನೆಂಟರಲ್ಲಿ ಹೋದಂತೆ ಅಲ್ಲ.

ನಾವು ಮಾಡಬೇಕಿದ್ದದ್ದು ಇಷ್ಟು: ಕೆಲಸ ಮಾಡುವ ಜಾಗದಲ್ಲಿ ಯಾರಿಗೆ ಯಾವ ಕೆಲಸ ಸಿಗುತ್ತದೆ, ಏಕೆ ಸಿಗುತ್ತದೆ ಎಂದು ಐದು ಮಂದಿಯನ್ನು ಕೇಳಿ ತಿಳಿಯುವುದು. ಹೆಸರು ಬರೆಯಬಾರದು, ಒಂದರಿಂದ ಐದರ ತನಕ ಅಂಕಿ ಹಾಕಬೇಕು. ಮೊದಲು ಒಪ್ಪಿಗೆಯ ಮಾತು ಓದಿ ಹೇಳಿ ಅವರ "ಹೂಂ" ಮುದ್ರಿಸಿಕೊಳ್ಳಬೇಕು. ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಬೇಕು. ಸುಮ್ಮನಾದರೆ "ಮೌನ" ಎಂದು ಬರೆದು ಎಷ್ಟು ಸೆಕೆಂಡು ಎಂದು ತೋರಿಸಬೇಕು.

ನಮ್ಮ ಕೇಂದ್ರದಲ್ಲಿ ಕೆಲಸ ನಾಲ್ಕು ತರಹ. ಹಿಟ್ಟು ನಾದಿ ರೊಟ್ಟಿ ಬಡಿಯುವುದು, ಹಂಚಿನ ಮೇಲೆ ಬೇಯಿಸುವುದು, ಖಡಕ್ ಆದಮೇಲೆ ಎಣಿಸಿ ಪ್ಯಾಕು ಮಾಡುವುದು, ಪಾತ್ರೆ ತಿಕ್ಕುವುದು. ಹಂಚಿನ ಮುಂದೆ ಕೂರುವುದು ಮರ್ಯಾದೆಯ ಜಾಗ. ಅಲ್ಲಿ ಕೂತವರನ್ನೇ ದೊಡ್ಡ ಮನೆಗಳವರು ಮದುವೆ ಮುಂಜಿಗೆ ಕರೆಸಿಕೊಳ್ಳುತ್ತಾರೆ. ಯಾರು ಎಲ್ಲಿ ಕೂರಬೇಕೆಂದು ವಾರಕ್ಕೊಮ್ಮೆ ಪಾಳಿ ಪಟ್ಟಿ ಬರೆಯುವವಳು ನಾನು. ಕೆಳಗೆ ಮಾಲಕಿ ಸಹಿ ಹಾಕುತ್ತಾರೆ.

ಮೊದಲ ಸಲ ಮುದ್ರಿಸಿದ್ದು ಕೆಟ್ಟಿತು. ಮೊಬೈಲನ್ನು ಹಿಟ್ಟಿನ ಡಬ್ಬದ ಮೇಲೆ ಇಟ್ಟಿದ್ದೆ; ಮನೆಗೆ ಬಂದು ಕೇಳಿದರೆ ಬರೀ ರೊಟ್ಟಿ ಬಡಿಯುವ ಸಪ್ಪಳ. ಎರಡನೆಯ ಸಲ ಊಟದ ಬಿಡುವಿನಲ್ಲಿ, ಹಿಂದಿನ ಚೀಲದ ಕೋಣೆಯಲ್ಲಿ, ಮಡಚಿದ ಗೋಣಿಚೀಲದ ಮೇಲೆ ಮೊಬೈಲು ಇಟ್ಟು ಒಬ್ಬೊಬ್ಬರನ್ನೇ ಕೂರಿಸಿ ಕೇಳಿದೆ. ಹತ್ತು ಹತ್ತು ಸೆಕೆಂಡು ಕೇಳಿ ನಿಲ್ಲಿಸಿ ಬರೆದೆ. ಹದಿನಾರು ಸಂಜೆ ಹಿಡಿಯಿತು. ಅಷ್ಟೆಲ್ಲ ಮಾಡಿದವಳ ಮೇಲೆ ಅನುಮಾನವೇ ಎಂದು ಸಿಟ್ಟು ಬಂತು.

ರೊಟ್ಟಿ ಬಡಿಯುವ ಹಿರಿಯಾಕೆ ನಮ್ಮಲ್ಲಿ ಬಾಯಿ ಜೋರು. ಆ ಸೋಮವಾರ ನಾನು ಡಬ್ಬಿ ಬಿಚ್ಚದಿದ್ದದ್ದು ಅವಳ ಕಣ್ಣಿಗೆ ಬಿತ್ತು.

"ಯಾಕ ಕಾಲೇಜ ಹುಡುಗಿ, ಊಟಾ ಬಿಟ್ಟಿ? ನಪಾಸ್ ಆದಿ ಏನು?"

"ನಪಾಸ್ ಅಲ್ಲವಾ. ಅನುಮಾನ ಐತಂತ."

"ಅನುಮಾನನ? ಅದಕ್ಕೂ ಮಾರ್ಕ್ಸ್ ಕೊಡ್ತಾರೇನು? ಹಂಗಿದ್ರ ನಮ್ಮ ಅತ್ತೀಗೆ ಪೂರಾ ನೂರು ಬರ್ತಿದ್ದುವು."

ಎಲ್ಲರೂ ನಕ್ಕರು. ಹಂಚಿನ ಮುಂದೆ ಕೂತಿದ್ದ ಐದನೆಯವರು ನಗಲಿಲ್ಲ. ಒದ್ದೆ ಅರಿವೆಯಿಂದ ರೊಟ್ಟಿಯ ಮೇಲೆ ನೀರು ಸವರಿ, ತಿರುವಿ ಹಾಕಿ, ಕೈ ನೋಡಿಕೊಂಡೇ ಕೂತಿದ್ದರು. ನನಗೆ ಆಗಲೇ ಒಂದು ಗುಮಾನಿ ಹೊಕ್ಕಿತು. ಈಕೆಗೆ ಓದುವ ಮಗಳಿದ್ದಾಳೆ. ತಾಯಿಯೇ ಹೇಳಿ ಮಗಳ ಕೈಯಿಂದ ದೂರು ಬರೆಸಿದ್ದರೆ?

ಮನೆಯಲ್ಲಿ ಯಜಮಾನರು ಅದಕ್ಕೆ ಎಣ್ಣೆ ಹೊಯ್ದರು. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. "ಯಾರೋ ಒಳಗಿನವರೇ ಕಂಪ್ಲೇಂಟ್ ಕೊಟ್ಟಿರಬೇಕು. ನಮ್ಮ ಡಿಪೋದಾಗ ಹಂಗ ಆಗೂದು. ಮುಂದ ನಗತಾರ, ಹಿಂದ ಅರ್ಜಿ ಹಾಕ್ತಾರ."

"ನನ್ನ ಮ್ಯಾಲೆ ಅರ್ಜಿ ಹಾಕಿ ಏನ್ ಮಾಡ್ತಾರ್ರಿ?"

"ಅದನ್ನ ನಿನ್ನ ಸಾಮಾಜಿಕ ನ್ಯಾಯದ ಪುಸ್ತಕದಾಗ ನೋಡು."

ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಐದನೆಯ ಮುದ್ರಣ ತೆರೆದೆ. ಮೇಡಂ ಬಾಯಿ ಮುಚ್ಚಿಸಬೇಕೆಂದೇ ತೆರೆದದ್ದು. ನನ್ನ ದನಿ ಕೇಳಿತು: "ನೀವು ಯಾರ ಪೈಕಿ ರೀ?"

ನಮ್ಮ ಕಡೆ ಇದು ಚಹಾ ಆಯಿತೇ ಎಂದು ಕೇಳಿದಷ್ಟೇ ಸಲೀಸು. ಯಾವ ಜಾತಿಯವರು ಎಂದು ಬಾಯಿಬಿಟ್ಟು ಕೇಳಲು ಸಂಕೋಚ, ಅದಕ್ಕೆ ಪೈಕಿ ಎನ್ನುತ್ತೇವೆ. ನಮೂನೆಯಲ್ಲಿ "ಸಾಮಾಜಿಕ ಹಿನ್ನೆಲೆ, ಹೇಳಲು ಇಷ್ಟವಿದ್ದರೆ ಮಾತ್ರ" ಎಂದಿತ್ತು. ಆ ಕೊನೆಯ ಮೂರು ಪದ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಪ್ರಶ್ನೆಯ ನಂತರ ಏನೂ ಇಲ್ಲ. ದೂರದಲ್ಲಿ ಯಾರೋ ಹಿಟ್ಟು ನಾದುವ ಪರಾತ ಕೆಳಗಿಟ್ಟ ಸಪ್ಪಳ. ಗಡಿಯಾರ ಹಿಡಿದು ನೋಡಿದೆ, ಹದಿನಾಲ್ಕು ಸೆಕೆಂಡು. ಆಮೇಲೆ ಅವರ ದನಿ: "ಮುಂದಿಂದು ಕೇಳ್ರಿ ಅಕ್ಕಾರ."

ವರದಿಯಲ್ಲಿ ನಾನು ಬರೆದದ್ದು: "ನಾವೂ ನಿಮ್ಮ ಪೈಕಿಯವರೇ."

ಹೇಗೆ ಬರೆದೆ ಎಂಬುದು ಚೆನ್ನಾಗಿ ನೆನಪಿದೆ. ಕೋಷ್ಟಕದ ನಾಲ್ಕು ಮನೆ ತುಂಬಿದ್ದವು, ಐದನೆಯದು ಖಾಲಿ. ಖಾಲಿ ಬಿಟ್ಟರೆ ಚಂದ ಕಾಣುವುದಿಲ್ಲ ಎನಿಸಿತು. ಹಣೆಗೆ ವಿಭೂತಿಯ ಗೆರೆ, ಮೆತ್ತನೆಯ ಮಾತು, ಕಾಗದದಂಥ ರೊಟ್ಟಿ. ನಮ್ಮವರಲ್ಲದೆ ಇನ್ನಾರು? ಗೊತ್ತಿದ್ದದ್ದನ್ನು ಬರೆದರೆ ತಪ್ಪೇನು ಎಂದುಕೊಂಡು ಬರೆದು, ಮುಂದಿನ ಸಾಲಿಗೆ ಹೋಗಿದ್ದೆ. ಮೇಡಂ ಅವರ ಅನುಮಾನ ಸರಿಯಾಗಿಯೇ ಇತ್ತು.

ಇಲ್ಲಿಗೆ ನನಗೆ ನಾಚಿಕೆ ಆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆಗ ಬಂದದ್ದು ಇನ್ನೊಂದು ಅನುಮಾನ. ನಮ್ಮವರೇ ಆಗಿದ್ದರೆ ಹೇಳಲು ಹದಿನಾಲ್ಕು ಸೆಕೆಂಡು ಏಕೆ ಬೇಕಿತ್ತು?

ಮರುದಿನ ನನ್ನ ದಿನಚರಿ ತಿರುವಿದೆ. ಹಾಲು, ಗ್ಯಾಸು, ಬಂದು ಹೋದವರು ಎಲ್ಲವನ್ನೂ ಬರೆದಿಡುವ ಅಭ್ಯಾಸ ನನ್ನದು. ಅದರಲ್ಲಿ ಐದನೆಯವರು ಎಷ್ಟೊಂದು ಕಡೆ ಇದ್ದರು! "ಇಂದೂ ಒಬ್ಬರೇ ಉಂಡರು, ಉಪವಾಸ ಎಂದಿದ್ದರು." "ಊರು ಅಣ್ಣಿಗೇರಿ ಕಡೆ ಎಂದರು. ಹೋದ ತಿಂಗಳು ನವಲಗುಂದದ ಕಡೆ ಎಂದಿದ್ದರು." "ಮನೆಗೆ ಬರ್ರಿ ಎನ್ನುವುದಿಲ್ಲ." ಒಂದೂವರೆ ವರ್ಷದಿಂದ ನಾನು ಅವರ ಮೇಲೆ ಕಣ್ಣಿಟ್ಟಿದ್ದೆ ಎಂದು ನನ್ನ ಅಕ್ಷರವೇ ಹೇಳಿತು.

ಕೇಂದ್ರದಲ್ಲಿ ಹಳೆಯ ಪಾಳಿ ಪಟ್ಟಿಗಳನ್ನೂ ತೆಗೆದೆ. ಎರಡು ವರ್ಷದ ಹಿಂದಿನ ಒಂದು ಹಾಳೆಯಲ್ಲಿ ಒಬ್ಬಾಕೆಯ ಹೆಸರಿನ ಮುಂದೆ "ಹಂಚು" ಎಂಬುದನ್ನು ಹೊಡೆದು "ಪಾತ್ರೆ" ಎಂದು ಬರೆದಿತ್ತು. ಅವತ್ತು ನಡೆದದ್ದು ನೆನಪಾಯಿತು. ಆರ್ಡರು ಕೊಟ್ಟ ಮನೆಯವರೊಬ್ಬರು ಅವಳು ಯಾರ ಪೈಕಿ ಎಂದು ಗುರುತು ಹಿಡಿದಿದ್ದರು. "ನಾಳಿಂದ ಅಕೀನ್ನ ಪಾತ್ರಿಗೆ ಬರೀರಿ" ಎಂದು ಮಾಲಕಿ ಎಂದರು, ನಾನು ಬರೆದೆ. ಕಾರಣದ ಕಾಲಮಿನಲ್ಲಿ ಏನೂ ಇಲ್ಲ. ಎರಡು ವಾರ ತಿಕ್ಕಿದಳು. ಮೂರನೆಯ ವಾರದ ಪಟ್ಟಿಯಲ್ಲಿ ಅವಳ ಹೆಸರಿಲ್ಲ.

ಅಷ್ಟು ತಿಳಿದೂ ಬುಧವಾರ ಸಂಜೆ ನಾನು ಮಾಡಿದ್ದು ಇದು: ಐದನೆಯವರು ಹತ್ತಿದ ಬಸ್ಸು ಹತ್ತಿದೆ. ಅವರು ಮುಂದೆ, ನಾನು ಹಿಂದೆ. ನನ್ನ ಸ್ಟಾಪಿಗಿಂತ ಎರಡು ಸ್ಟಾಪು ಮೊದಲೇ ಅವರು ಇಳಿದರು. ನಾನೂ ಇಳಿದೆ. ಯಾವ ಓಣಿಗೆ ಹೋಗುತ್ತಾರೆ ಎಂದು ಕಂಡರೆ ಸಾಕು, ಉಳಿದದ್ದು ಗೊತ್ತಾದಂತೆಯೇ ಎಂಬುದು ನನ್ನ ಲೆಕ್ಕ.

ಅವರು ಹತ್ತು ಹೆಜ್ಜೆಯೂ ನಡೆಯಲಿಲ್ಲ. ತಿರುಗಿ ನಿಂತರು.

"ಅಕ್ಕಾರ, ನಿಮ್ಮ ಸ್ಟಾಪ್ ಮುಂದೈತಿ."

ಹತ್ತಿರ ಹೋಗಿ, "ನಿಮ್ಮ ಕೂಡ ಮಾತಾಡೂದಿತ್ತು" ಎಂದೆ.

"ಕೇಂದ್ರದಾಗ ದಿನಾ ಕೂಡೇ ಇರ್ತೇವಲ್ರಿ."

ಸ್ಟಾಪಿನ ಕಟ್ಟೆಯ ಮೇಲೆ ಕೂತೆವು. ಮೇಡಂ ಅವರ ಸಂದೇಶ ಓದಿ ಹೇಳಿದೆ. ಅವರ ಹೆಸರಿನಲ್ಲಿ ನಾನು ಬರೆದಿದ್ದ ಉತ್ತರವನ್ನೂ ಓದಿದೆ. ಅವರು ಬಯ್ಯಲಿಲ್ಲ, ಕೈಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದರು.

"ನಾ ಹೇಳದ ಮಾತು ನನ್ನ ಬಾಯಾಗ ಇಟ್ಟೀರಿ ಅಂದಂಗಾತು."

"ಹೌದ್ರಿ. ತಪ್ಪಾತು. ಈಗ ನೀವ ಹೇಳಿಬಿಡ್ರಿ, ಅದನ್ನ ಬರೀತೇನಿ. ಯಾರಿಗೂ ಹೆಸರು ಗೊತ್ತಾಗೂದಿಲ್ಲ, ಬರೇ ಐದು ಅಂತ ಇರ್ತೈತಿ."

"ಹೇಳ್ತೇನಿ. ಅದಕ್ಕಿಂತ ಮೊದಲ ನೀವೊಂದು ಹೇಳ್ರಿ." ಅವರು ನನ್ನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. "ನಾ ಹೇಳಿದ ಮರುದಿನ ಪಾಳಿ ಪಟ್ಟ್ಯಾಗ ನನ್ನ ಹೆಸರು ಎಲ್ಲಿ ಬರೀತೀರಿ?"

ಒಂದು ಬಸ್ಸು ಬಂತು, ನಿಂತಿತು, ಹೋಯಿತು. ನನಗೂ ಹದಿನಾಲ್ಕು ಸೆಕೆಂಡು ದಾಟಿರಬೇಕು.

"ನಿಮ್ಮಲ್ಲಿ ಒಬ್ಬಾಕಿ ಎರಡು ವಾರ ಪರಾತ ತಿಕ್ಕಿ ಹೋದ್ಲಂತ. ರೊಟ್ಟಿ ಬಡಿಯೋ ಆಯಿ ಹೇಳ್ಯಾಳ. ನಾ ಯಾವ ಪೈಕಿ ಇದ್ರೂ ಇರ್ಲಿ. ನಿಮ್ಮವರ ಇದ್ರೂ ಇರಬಹುದು. ಆದ್ರ ನಾ ಹೇಳೂದಿಲ್ಲ. ಹಂಚಿನ ಮುಂದ ಕುಂತ ದುಡದು ಮಗಳನ್ನ ಓದಸಾಕತ್ತೇನಿ. ನನಗಿರೂದು ಅದೊಂದ ಜಾಗಾ."

ಆಮೇಲೆ ಕೈ ಚಾಚಿದರು. "ಆ ಮೊಬೈಲ್ನ್ಯಾಗಿನ ನನ್ನ ದನಿ ಅಳಸ್ರಿ. ನನ್ನ ಮುಂದ."

ಅದನ್ನು ಅಳಿಸಿದರೆ ಮೇಡಂ ಅವರಿಗೆ ತೋರಿಸಲು ನನ್ನ ಬಳಿ ಏನೂ ಉಳಿಯುವುದಿಲ್ಲ. ಉಳಿದ ಹನ್ನೊಂದು ಪ್ರಶ್ನೆಗೆ ಅವರು ಹೇಳಿದ್ದು ನಿಜವೇ ಎಂಬುದಕ್ಕೂ ಸಾಕ್ಷಿ ಹೋಗುತ್ತದೆ. ಒಪ್ಪಿಗೆಯ ಮಾತಿನ ಕೊನೆಯ ಸಾಲು ನೆನಪಿಗೆ ಬಂತು: "ನೀವು ಯಾವಾಗ ಬೇಕಾದರೂ ಒಪ್ಪಿಗೆ ಹಿಂದಕ್ಕೆ ಪಡೆಯಬಹುದು." ಐದು ಮಂದಿಗೂ ಅದನ್ನು ಗಿಣಿಯ ಹಾಗೆ ಓದಿದ್ದೆ. ಯಾರಾದರೂ ನಿಜವಾಗಿ ಹಿಂದಕ್ಕೆ ಕೇಳುತ್ತಾರೆ ಎಂದು ಎಣಿಸಿರಲಿಲ್ಲ.

ಅಳಿಸಿದೆ.

"ಕಸದ ಡಬ್ಬ್ಯಾಗಿಂದನೂ ತಗೀರಿ" ಎಂದರು. "ನನ್ನ ಮಗಳ ಫೋನ್ನ್ಯಾಗ ನೋಡೇನಿ. ಅಳಿಸಿದ್ದು ಮೂವತ್ತು ದಿನ ಅಲ್ಲೇ ಕುಂತಿರ್ತೈತಿ."

ಅದನ್ನು ಹುಡುಕಿ ತೆಗೆಯಲು ನನಗೆ ಬರಲಿಲ್ಲ. ಅವರೇ ತೋರಿಸಿಕೊಟ್ಟರು. ನಂತರ ಎದ್ದು ನಿಂತರು. ನಾನು ಬಸ್ಸು ಹತ್ತುವ ತನಕ ಅಲ್ಲಿಯೇ ನಿಂತಿದ್ದರು. ಬೀಳ್ಕೊಡಲು ನಿಂತವರಲ್ಲ, ನಾನು ಹೋದದ್ದು ಖಾತ್ರಿ ಮಾಡಿಕೊಳ್ಳಲು.

ಗುರುವಾರ, ಶುಕ್ರವಾರ ವರದಿ ತಿದ್ದಲು ಕೂತೆ. ಕೋಷ್ಟಕದಲ್ಲಿ ಐದನೆಯವರ ಮನೆ ಮಾತ್ರ ಖಾಲಿ ಬಿಟ್ಟು ನೋಡಿದೆ. ಬಿಟ್ಟ ಕೂಡಲೇ ಅದೇ ಎದ್ದು ಕಂಡಿತು. ನಾಲ್ವರು ಹೇಳಿ ಒಬ್ಬರು ಹೇಳದಿದ್ದರೆ, ಓದಿದವರು ಆ ಒಬ್ಬರನ್ನೇ ಹುಡುಕುತ್ತಾರೆ. ಕೇಂದ್ರದಲ್ಲಿರುವವರು ಐವರೇ. "ಹೇಳಿಲ್ಲ" ಎಂದು ಬರೆದರೂ ಅಷ್ಟೇ, "ಮೌನ, ಹದಿನಾಲ್ಕು ಸೆಕೆಂಡು" ಎಂದು ಬರೆದರೂ ಅಷ್ಟೇ. ನಾಲ್ಕು ಸಲ ಬರೆದು ನಾಲ್ಕು ಸಲ ಹೊಡೆದೆ.

ಕೊನೆಗೆ ಐವರ ಮೊದಲ ಉತ್ತರವನ್ನೂ ತೆಗೆದುಹಾಕಿದೆ. ಕಾಲಮಿಗೆ ಅಡ್ಡಗೆರೆ ಎಳೆದೆ. ಕೆಳಗೆ ಬರೆದೆ: ಈ ಪ್ರಶ್ನೆಯನ್ನು ನಾನು ಕೇಳಬಾರದ ರೀತಿಯಲ್ಲಿ ಕೇಳಿದೆ. ಹಿಂದಿನ ಪ್ರತಿಯಲ್ಲಿ ಒಂದು ಉತ್ತರ ನನ್ನ ಕೈಯದಾಗಿತ್ತು. ಒಬ್ಬರು ಒಪ್ಪಿಗೆ ಹಿಂದಕ್ಕೆ ಪಡೆದದ್ದರಿಂದ ಯಾರ ಧ್ವನಿಮುದ್ರಣವನ್ನೂ ಕಳಿಸುತ್ತಿಲ್ಲ. ಹಿಂದಕ್ಕೆ ಪಡೆದವರ ಉಳಿದ ಉತ್ತರಗಳನ್ನೂ ತೆಗೆದಿದ್ದೇನೆ. ಅವರ ಜಾಗದಲ್ಲಿ ಪಾಳಿ ಪಟ್ಟಿ ಬರೆಯುವವಳ ಉತ್ತರಗಳಿವೆ.

ಉಳಿದ ಹನ್ನೊಂದು ಪ್ರಶ್ನೆಗಳನ್ನು ನನಗೆ ನಾನೇ ಕೇಳಿಕೊಂಡೆ. "ಕೆಲಸ ಹಂಚುವವರು ಯಾರು?" ಎಂಬುದು ಏಳನೆಯ ಪ್ರಶ್ನೆ. ಹಂಚು ಹೊಡೆದು ಪಾತ್ರೆ ಎಂದು ಬರೆದ ದಿನದ ಸಂಗತಿಯನ್ನು ಅಲ್ಲಿ ಬರೆದೆ.

ಶನಿವಾರ ಓಣಿಯ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿ ಚೀಲದಲ್ಲಿ ಇಟ್ಟುಕೊಂಡಿದ್ದೆ. ಮಾಲಕಿಗೆ ಅದರ ವಾಸನೆ ಹೇಗೆ ಬಡಿಯಿತೋ.

"ಏನ್ರಿ ಕಾಲೇಜ ಬಾಯಾರ, ನನ್ನ ಕೇಂದ್ರದ ಬಗ್ಗೆ ಏನೋ ಬರದೀರಂತ. ತೋರಸ್ರಿ ನೋಡೂಣು."

"ಕೇಂದ್ರದ ಹೆಸರಿಲ್ಲರಿ ಅಕ್ಕಾರ."

"ಹೆಸರಿಲ್ಲಂದ್ರ ಇನ್ನೂ ಛಲೋ ಆತು. ತೋರಸ್ರಿ."

ಕನ್ನಡಕ ಏರಿಸಿ ಹಾಳೆ ಹಾಳೆ ಓದಿದರು. ಅಡ್ಡಗೆರೆಯ ಮೇಲೆ ಬೆರಳು ನಿಂತಿತು. "ಈ ಕಾಲಮ್ ಯಾಕ ಹೊಡದೀರಿ? ಯಾರೋ ಒಬ್ಬರು ಹೇಳಿಲ್ಲ, ಅವರನ್ನ ಮುಚ್ಚಾಕ ಎಲ್ಲಾರದ್ದೂ ಹೊಡದೀರಿ. ಯಾರು?"

"ಕೇಳಿದ್ದ ತಪ್ಪಾಗಿತ್ತರಿ. ಅದಕ್ಕ ಹೊಡದೆ."

"ನಾ ಕೇಳಿದ್ದು ಯಾರು ಅಂತ."

"ಹೇಳೂದಿಲ್ರಿ."

ಏಳನೆಯ ಪ್ರಶ್ನೆಗೆ ಬಂದರು. ನಿಧಾನಕ್ಕೆ ಓದಿದರು. "ಇದನ್ನ ನಾ ಹೇಳಿದೆ ಅಂತ ಬರದೀರೇನು?"

"ಇಲ್ರಿ. ನಾ ಬರದೆ ಅಂತ ಬರದೇನಿ. ಕೈ ನಂದಿತ್ತಲ್ರಿ."

ಅಷ್ಟರಲ್ಲಿ ಆರ್ಡರಿನ ಫೋನು ಬಂತು. ಧಾರವಾಡದ ಮಾಳಮಡ್ಡಿಯಿಂದ, ಗೃಹಪ್ರವೇಶಕ್ಕೆ ಖಡಕ್ ರೊಟ್ಟಿ ಬೇಕಿತ್ತು. ಹಿರಿಯ ಹೆಂಗಸಿನ ದನಿ. ಎಷ್ಟು, ಯಾವಾಗ ಎಲ್ಲ ಹೇಳಿ ಕೊನೆಗೆ ಕೇಳಿದರು: "ಯಾರ ಕೈಲೆ ಮಾಡಸ್ತೀರಿ?"

ಇದಕ್ಕೆ ನನ್ನ ಉತ್ತರ ಎಂಟು ವರ್ಷದಿಂದ ಒಂದೇ: "ನಮ್ಮವರ ಕೈಲೇರಿ." ಅದು ಬಾಯಿಗೆ ಬಂದೇ ಬಿಟ್ಟಿತ್ತು. ಮಾಲಕಿ ನನ್ನನ್ನೇ ನೋಡುತ್ತಿದ್ದರು. ಐದನೆಯವರ ಕೈಯಲ್ಲಿ ರೊಟ್ಟಿ ತಿರುವದೆ ನಿಂತಿತ್ತು.

"ನಮ್ಮ ಐದು ಮಂದಿ ಕೈಲೇರಿ" ಎಂದೆ.

"ಅದಲ್ರಿ, ಯಾರ ಪೈಕಿ ಅಂತ?"

"ಅದನ್ನ ನಾವು ಕೇಳೂದಿಲ್ರಿ. ಕೈ ತೊಳಕೊಂಡ ಮಾಡ್ತಾರ. ಬೇಕಂದ್ರ ಬಂದು ನೋಡ್ರಿ."

"ಹೇಳಿ ಕಳಸ್ತೇನಿ" ಎಂದು ಫೋನು ಇಟ್ಟರು.

"ಹ್ವಾತು ಆರ್ಡರ್" ಎಂದರು ಮಾಲಕಿ. ರೊಟ್ಟಿ ಬಡಿಯುವ ಹಿರಿಯಾಕೆ, "ಹಂಚಿನ ಮ್ಯಾಲಿಂದೂ ಹೊಂಟೈತಿ, ಹೊತ್ತಿದ ವಾಸನಿ ಬರಾಕತ್ತೈತಿ ನೋಡವಾ" ಎಂದಳು. ಐದನೆಯವರು ಥಟ್ಟನೆ ರೊಟ್ಟಿ ತಿರುವಿದರು. ಅವರ ಕೈಯಲ್ಲಿ ರೊಟ್ಟಿ ಹೊತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸಂಜೆ ಮುಂದಿನ ವಾರದ ಪಾಳಿ ಪಟ್ಟಿ ಬರೆದು ಮಾಲಕಿಯ ಮುಂದಿಟ್ಟೆ. ಹಂಚು ಎಂಬಲ್ಲಿ ಐದನೆಯವರ ಹೆಸರಿತ್ತು. ಮಾಲಕಿ ಪೆನ್ನು ಹಿಡಿದು ಐದು ಹೆಸರಿನ ಮೇಲೂ ಕಣ್ಣಾಡಿಸಿದರು. ಒಬ್ಬೊಬ್ಬರ ಹತ್ತಿರವೂ ನಿಂತು ನೋಡಿದ ಹಾಗಿತ್ತು.

"ಈ ವಾರ ಹಿಂಗ ಇರ್ಲಿ. ಮುಂದಿಂದು ಮುಂದ ನೋಡೂಣು" ಎಂದು ಸಹಿ ಹಾಕಿದರು. "ಯಾರಂತ ನನಗ ಗೊತ್ತಾಗೂದಿಲ್ಲ ಅಂತ ತಿಳೀಬ್ಯಾಡ್ರಿ."

ಅವರಿಗೆ ಗೊತ್ತಾಗಿದೆಯೋ ಇಲ್ಲವೋ ನನಗೆ ಇಂದಿಗೂ ತಿಳಿದಿಲ್ಲ. ಮಾಳಮಡ್ಡಿಯಿಂದ ಮತ್ತೆ ಫೋನು ಬರಲಿಲ್ಲ. ಅಲ್ಲಿಂದ ಈಚೆಗೆ ಪ್ರತಿ ಶನಿವಾರವೂ ನಾನು ಹಾಗೆಯೇ ಬರೆಯುತ್ತೇನೆ, ಅವರು ಹಾಗೆಯೇ ನಿಂತು ನೋಡಿ ಸಹಿ ಹಾಕುತ್ತಾರೆ.

ವರದಿಯನ್ನು ಭಾನುವಾರ ಕಳಿಸಿದೆ. ಎರಡು ಸಲ ಅರ್ಧಕ್ಕೆ ನಿಂತು ಮೂರನೆಯ ಸಲ ಹೋಯಿತು. ಮೂರು ವಾರದ ಮೇಲೆ ಉತ್ತರ ಬಂತು: "ಮರುಸಲ್ಲಿಕೆ ಸ್ವೀಕರಿಸಲಾಗಿದೆ. ಮೊದಲ ಭಾಗಕ್ಕೆ ಅಂಕವಿಲ್ಲ. ಮುದ್ರಣಗಳು ಇದ್ದವೆಂಬುದಕ್ಕೆ ಆಧಾರವಿಲ್ಲದ ಕಾರಣ ಉಳಿದ ಭಾಗಗಳಿಗೆ ಕನಿಷ್ಠ ಅಂಕ. ಏಳನೆಯ ಉತ್ತರವನ್ನು ಎರಡು ಸಲ ಓದಿದೆ." ಪಾಸಾದೆ, ಅಂಚಿನಲ್ಲಿ. ಮೇಡಂ ಅವರಿಗೆ ನನ್ನ ಮೇಲಿನ ಅನುಮಾನ ಪೂರ್ತಿ ಹೋಗಿಲ್ಲ. ಹೋಗಲಿ ಎಂದು ನಾನೂ ಕೇಳಿಲ್ಲ.

ಆ ಸಂಜೆ ಕೇಂದ್ರದಿಂದ ಹೊರಡುವಾಗ ಐದನೆಯವರು ಒಂದು ಸಣ್ಣ ಸ್ಟೀಲಿನ ಡಬ್ಬಿ ನನ್ನ ಕೈಗಿಟ್ಟರು. "ಅಗಸಿ ಹಿಂಡಿ. ನಮ್ಮ ಮನ್ಯಾಗ ಕುಟ್ಟಿದ್ದು. ತಿಂದ್ರ ತಿನ್ರಿ, ಒಲ್ಲದಿದ್ರ ಡಬ್ಬಿ ಹಂಗ ತಂದ ಕೊಡ್ರಿ." ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆಂದು ಅನಿಸಿತು. ಮಾಡಲಿ ಎಂದುಕೊಂಡೆ.

ಮನೆಯಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು, ಹಸಿ ಉಳ್ಳಾಗಡ್ಡಿ, ಈ ಅಗಸೆಯ ಚಟ್ನಿಪುಡಿ. ಹಿಂಡಿಗೆ ಎಣ್ಣೆ ಹಾಕಿಕೊಂಡು ಮೊದಲ ತುತ್ತು ಎತ್ತಿದಾಗ ನನ್ನ ಕೈ ಒಂದು ಕ್ಷಣ ನಿಂತಿತು. ಆ ದಿನದ ಪುಟದಲ್ಲಿ ಅದನ್ನೂ ಬರೆದಿದ್ದೇನೆ. ನಿಂತಿತು, ಆಮೇಲೆ ತಿಂದೆ.

"ಹಿಂಡಿ ಭಾರಿ ಐತಿ" ಎಂದರು ಯಜಮಾನರು. "ಯಾರ್ ಮಾಡಿದ್ದು?"

"ನಮ್ಮ ಕೇಂದ್ರದಾಗಿನವರು."

"ಯಾರ ಪೈಕಿ?"

"ಮೊಸರು ಹಾಕ್ಲೇನ್ರಿ?"

ಅವರು ಡಬ್ಬಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಹಾಕು" ಎಂದರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಕೈ ಚಾಚಿ ಇನ್ನೊಂದು ಚಮಚೆ ಹಿಂಡಿ ಹಾಕಿಕೊಂಡರು.

ಊಟವಾದ ಮೇಲೆ ಉಳಿದ ಹಿಂಡಿ ಬೇರೆ ಭರಣಿಗೆ ಸುರಿದು ಡಬ್ಬಿ ತೊಳೆದೆ. ಯಾರ ಡಬ್ಬಿಯನ್ನೂ ಖಾಲಿ ತಿರುಗಿಸುವುದು ನಮ್ಮಲ್ಲಿ ಪದ್ಧತಿಯಲ್ಲ. ಮನೆಯಲ್ಲಿ ಮಾಡಿದ ಶೇಂಗಾ ಚಟ್ನಿ ತುಂಬಿ ಮುಚ್ಚಳ ಒತ್ತಿದೆ. ನಾನು ಮಾಡಿದ್ದನ್ನು ಅವರು ತಿನ್ನುತ್ತಾರೋ ಇಲ್ಲವೋ ಎಂಬ ಅನುಮಾನ ಬಂದದ್ದು ಆಗ. ಕೇಳುವ ಹಾಗಿಲ್ಲ. ಡಬ್ಬಿಯನ್ನು ಚೀಲದಲ್ಲಿ ಪಾಳಿ ಪಟ್ಟಿಯ ಪಕ್ಕಕ್ಕೆ ಇಟ್ಟು ಬರುವಷ್ಟರಲ್ಲಿ ಯಜಮಾನರಿಗೆ ನಿದ್ದೆ ಹತ್ತಿತ್ತು.